ಹಾಡು ಹಾಕಿದ ಕ್ಯಾಸೆಟ್ಟುಗಳು

ಆ ಬೀದಿಯಲ್ಲಿ ಮದುವೆಯಾಗಿ ಇಪ್ಪತ್ತೈದು ಮೂವತ್ತು ವರ್ಷ ಕಳೆದ ಯಾವ ಗಂಡ ಹೆಂಡತಿಯನ್ನು ಕೇಳಿದರೂ ವಿಡಿಯೋ ಮಾವನ ಮೇಲೆ ಒಂದು ದೂರು, ಒಂದು ಹೊಗಳಿಕೆ ತಪ್ಪದೆ ಸಿಗುತ್ತದೆ. ದೂರು ಏನೆಂದರೆ, ಮದುವೆಗೆ ಬಂದ ನೆಂಟರಿಷ್ಟರಿಗೆ ಮದುವೆ ಕಂಡದ್ದಕ್ಕಿಂತ ಅವನ ಬೆನ್ನು ಕಂಡದ್ದೇ ಹೆಚ್ಚು. ಮುಖ್ಯವಾದ ಗಳಿಗೆ ಬಂತೆಂದರೆ ಸಾಕು, ಹೆಗಲ ಮೇಲೆ ಕ್ಯಾಮೆರಾ ಹೊತ್ತು ಎಲ್ಲರ ಎದುರಿಗೂ ಗೋಡೆ ಎಬ್ಬಿಸಿದ ಹಾಗೆ ನಿಂತುಬಿಡುತ್ತಿದ್ದ. ಹೊಗಳಿಕೆ ಏನೆಂದರೆ, ಅವನ ಕ್ಯಾಸೆಟ್ಟಿನಲ್ಲಿ ಎಲ್ಲರೂ ಚೆನ್ನಾಗಿ ಕಾಣುತ್ತಿದ್ದರು, ಮುಖ ಸಿಂಡರಿಸಿಕೊಂಡೇ ಹುಟ್ಟಿದ ಸೋದರತ್ತೆಯಂದಿರು ಕೂಡ. ಈಗ ಅವನಿಗೆ ವಯಸ್ಸಾಗಿದೆ, ಮರ್ಯಾದೆ ಕೊಟ್ಟು ‘ಅವರು’ ಎನ್ನಬೇಕು, ನಿಜ. ಆದರೆ ಬೀದಿಯಲ್ಲಿ ಯಾರೂ ಹಾಗೆ ಅಂದವರಲ್ಲ, ಅವನೂ ಅನ್ನಿಸಿಕೊಂಡವನಲ್ಲ. ಇಲ್ಲಿ ಹೊಸದಾಗಿ ಶುರುಮಾಡುವುದು ಬೇಡ.

ಮನೆ ಒಂದು ಬೀಗದ ಅಂಗಡಿಯ ಮೇಲಿತ್ತು. ಮೆಟ್ಟಿಲು ಎಷ್ಟು ಕಡಿದು ಎಂದರೆ ಹತ್ತಿ ಬಂದವರು ಮೊದಲು ಗೋಡೆ ಹಿಡಿದು ಏದುಸಿರು ಬಿಟ್ಟು ಆಮೇಲೆ ಬಂದ ವಿಷಯ ಹೇಳುತ್ತಿದ್ದರು. ಮುಂದಿನ ಕೋಣೆ ಒಂದು ಕಾಲಕ್ಕೆ ಅವನ ಸ್ಟುಡಿಯೋ. ಒಂದು ಗೋಡೆಗೆ ನೀಲಿ ಪರದೆ, ಇನ್ನೊಂದು ಗೋಡೆಯ ತುಂಬ ಕ್ಯಾಸೆಟ್ಟಿನ ಕಪಾಟು, ಕಿಟಕಿಯ ಬಳಿ ಎರಡು ಟೀವಿ, ಎರಡು ಪ್ಲೇಯರು. ಪರದೆ ಬಣ್ಣಗೆಟ್ಟು ಬೂದಿಯಾಗಿತ್ತು, ಒಂದು ಟೀವಿ ಕೆಟ್ಟು ಅದರ ಮೇಲೆ ಹೂಕುಂಡ ಕೂತಿತ್ತು. ಹಿಂದೆ ಮಲಗುವ ಕೋಣೆ, ಅದರ ಹಿಂದೆ ಅಡುಗೆಮನೆ. ಇಷ್ಟರಲ್ಲಿ ಅವನೂ ಹೆಂಡತಿಯೂ ಒಬ್ಬರ ಕಾಲಿಗೆ ಒಬ್ಬರು ತೊಡರಿಕೊಂಡು ಬದುಕು ಕಳೆದಿದ್ದರು.

ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನ ಮಾತನ್ನೆಲ್ಲ ದಾಟಿಸಿದವಳು. ಆ ಕಡೆಯವರು “ಹಲೋ” ಎನ್ನುವಷ್ಟರಲ್ಲಿ ಯಾರು, ಶೀತವಾಗಿದೆಯೇ, ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾರೆಯೇ ಎಂದು ಹೇಳಬಲ್ಲಳು. ಮುಖ ನೋಡಿದರೆ ಗುರುತು ಸಿಗದವರನ್ನು ಬಸ್ಸಿನಲ್ಲಿ ಟಿಕೆಟ್ ಕೇಳಿದ ದನಿಯಿಂದ ಗುರುತು ಹಿಡಿದು, “ನೀವು ಮರದ ಡಿಪೋದವರು ಅಲ್ವಾ?” ಎಂದು ಮಾತನಾಡಿಸಿ ಅವರನ್ನು ಗಾಬರಿಗೊಳಿಸಿದ್ದುಂಟು.

ಇವರಿಬ್ಬರಿಗೆ ಹುಟ್ಟಿದವಳು ಒಬ್ಬಳೇ ಮಗಳು. ಅವಳನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ಅಪ್ಪ ಇಟ್ಟ ಅಡ್ಡಹೆಸರು ರೇಡಿಯೋ. ಕಣ್ಣು ಬಿಟ್ಟಾಗ ಶುರುವಾದರೆ ಕಣ್ಣು ಮುಚ್ಚುವ ತನಕ ಮಾತು. ಹಲ್ಲುಜ್ಜುವಾಗಲೂ ಬಾಯಲ್ಲಿ ನೊರೆ ತುಂಬಿಕೊಂಡು ಏನೋ ಹೇಳುತ್ತಿರುತ್ತಿದ್ದಳು. ಕೆಳಗಿನ ಬೀಗದ ಅಂಗಡಿಯವನು, “ಊರಿಗೆಲ್ಲ ಬೀಗ ಮಾಡ್ದೆ, ನಿಮ್ಮ ರೇಡಿಯೋ ಬಾಯಿಗೆ ಒಂದು ಮಾಡೋಕಾಗ್ಲಿಲ್ಲ” ಎಂದು ನಗುತ್ತಿದ್ದ. ಅವಳಿಗೆ ಹನ್ನೆರಡು ತುಂಬಿದ ವರ್ಷ ಮೆದುಳುಜ್ವರ ಬಂತು. ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಆ ಅಂಗಡಿಯವನು ಆಮೇಲೆ ಎಷ್ಟೋ ದಿನ ಮೆಟ್ಟಿಲ ಕಡೆ ತಲೆಯೆತ್ತಿ ನೋಡಲಿಲ್ಲ.

ವಿಡಿಯೋ ಮಾವ ಮಗಳಿದ್ದ ಕ್ಯಾಸೆಟ್ಟುಗಳನ್ನೆಲ್ಲ ಕಪಾಟಿನಿಂದ ಇಳಿಸಿ ಒಂದು ಸೂಟ್‌ಕೇಸಿಗೆ ತುಂಬಿ ಅಟ್ಟಕ್ಕೆ ಏರಿಸಿದ. ಆಮೇಲೂ ಬಹಳ ವರ್ಷ ಪರರ ಮಕ್ಕಳ ಮದುವೆ, ಹುಟ್ಟುಹಬ್ಬ ಎಂದು ಕ್ಯಾಮೆರಾ ಹೊತ್ತ. ಹೊಟ್ಟೆಪಾಡು ಕೇಳಬೇಕಲ್ಲ. ಸೂಟ್‌ಕೇಸನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ. ಮುಟ್ಟುವ ಮಾತನ್ನೂ ಆಡಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಕೆಳಗೆ ಬೀದಿಯಲ್ಲಿ ಯಾರದೋ ಹುಡುಗಿ “ಅಮ್ಮಾ” ಎಂದು ಕೂಗಿತು. ಅವಳು ನಲ್ಲಿ ನಿಲ್ಲಿಸಿದಳು. ಕೈಯಿಂದ ಸೋಪಿನ ನೊರೆ ಇಳಿಯುತ್ತಿದ್ದಂತೆಯೇ ಮುಂದಿನ ಕೋಣೆಗೆ ಬಂದು ನಿಂತಳು.

“ರೀ, ನಂಗೆ ಅವಳ ದನಿ ನೆನಪಿಗೆ ಬರ್ತಾ ಇಲ್ಲ.”

“ಯಾರ್ದು?” ಎಂದ, ಗೊತ್ತಿದ್ದೂ.

“ಮುಖ ಇದೆ, ಫೋಟೋ ಇದೆಯಲ್ಲ. ಏನೇನು ಹೇಳ್ತಿದ್ಲು ಅನ್ನೋದೂ ಇದೆ, ಬೇಕಾದ್ರೆ ಒಂದೊಂದು ಮಾತೂ ಹೇಳ್ತೀನಿ. ಆದ್ರೆ ಎಲ್ಲಾ ನನ್ನ ದನೀಲೇ ಕೇಳಿಸುತ್ತೆ. ಅವಳದ್ದು ಹೋಗಿಬಿಟ್ಟಿದೆ. ಯಾರ್ಯಾರ ದನೀನೋ ಇಟ್ಕೊಂಡಿದೀನಿ ಈ ತಲೇಲಿ, ಬೇಡದವರದ್ದೆಲ್ಲಾ ಇದೆ. ನನ್ನ ಮಗಳದ್ದೇ ಇಲ್ಲ.” ಹೀಗೆಂದು ಅವಳು ನೊರೆಗೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತಳು.

ವಿಡಿಯೋ ಮಾವನಿಗೆ ಸಂಕಟವಾಯಿತು. ಜೊತೆಗೆ, ಹೇಳಿದರೆ ತಪ್ಪು ತಿಳಿಯಬಾರದು, ಒಳಗೆಲ್ಲೋ ಒಂದು ಹೆಮ್ಮೆಯೂ ತಲೆಯೆತ್ತಿತು. ಈ ಲೋಕದಲ್ಲಿ ಎಷ್ಟು ಅಪ್ಪಂದಿರಿಗೆ ಸಾಧ್ಯ ಈ ಕೆಲಸ?

“ಅಳ್ಬೇಡ ಕಣೇ. ಕ್ಯಾಸೆಟ್ ಇದ್ಯಲ್ಲ ಅಷ್ಟೊಂದು? ಎಲ್ಲಾನೂ ಕಂಪ್ಯೂಟರಿಗೆ ಹಾಕ್ತೀನಿ. ಆಮೇಲೆ ಟೇಪು ಹಾಳಾಗೋ ಭಯಾನೂ ಇಲ್ಲ. ನಿಂಗೆ ಬೇಕಾದಾಗ ಒಂದು ಸಲ ಒತ್ತು, ಮಾತಾಡ್ತಾಳೆ.”

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡಳು. “ನಿಜವಾಗ್ಲೂ?”

“ನನ್ನ ಕೆಲಸಾನೇ ಅದಲ್ವೇನೇ?” ಎಂದ.

ಅಂದೇ ಅಟ್ಟದಿಂದ ಸೂಟ್‌ಕೇಸು ಇಳಿಯಿತು. ಕ್ಯಾಸೆಟ್ಟುಗಳ ಕಿಟಕಿಯಂಥ ಗಾಜಿನೊಳಗೆ ಬಿಳಿ ಬೂಸ್ಟು ಕಾಣಿಸಿತು. ಬೂಸ್ಟು ಹಿಡಿದ ಟೇಪನ್ನು ಹಾಗೇ ಓಡಿಸಿದರೆ ಪ್ಲೇಯರಿನ ಹೆಡ್ಡು ಕಟ್ಟಿಕೊಳ್ಳುತ್ತದೆ, ಟೇಪೂ ಹರಿಯುತ್ತದೆ. ಮೂಲೆಯ ರಿಪೇರಿ ಅಂಗಡಿಯ ಮೆಕ್ಯಾನಿಕ್ ಅವನ ಹಳೆಯ ಗೆಳೆಯ. ಯಾವ ಯಂತ್ರ ತಂದರೂ ಬಿಚ್ಚುವ ಮೊದಲೇ “ಇದು ಸತ್ತಿದೆ” ಎಂದು ಹೇಳಿ, ಬಿಚ್ಚಿದ ಮೇಲೆ ಬದುಕಿಸುವುದು ಅವನ ಚಾಳಿ. ಪ್ಲೇಯರಿಗೂ ಹಾಗೇ ಹೇಳಿದ, ಹಾಗೇ ಬದುಕಿಸಿದ. ಹೊಸ ಬೆಲ್ಟು ಹಾಕಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿಯನ್ನೂ ಹುಡುಕಿ ಕೊಟ್ಟ. ಅದರ ಒಂದು ತುದಿಗೆ ಪ್ಲೇಯರಿನ ಹಳದಿ, ಬಿಳಿ, ಕೆಂಪು ವೈರು, ಇನ್ನೊಂದು ತುದಿ ಕಂಪ್ಯೂಟರಿಗೆ. ಪ್ಲೇಯರಿನಲ್ಲಿ ಕ್ಯಾಸೆಟ್ ಓಡುತ್ತಿದ್ದ ಹಾಗೆ ಕಂಪ್ಯೂಟರು ಅದನ್ನು ನೋಡಿ ನೋಡಿ ಬರೆದುಕೊಳ್ಳುತ್ತದೆ. ಇದರಲ್ಲಿ ಆತುರ ನಡೆಯುವುದಿಲ್ಲ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಬದುಕಿದ್ದನ್ನು ಇನ್ನೊಂದು ಸಲ ಅಷ್ಟೇ ಹೊತ್ತು ಕೂತು ನೋಡಬೇಕು.

ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಹೊರಗೆ ತೆಗೆದು, ಮೆತ್ತನೆಯ ಬಟ್ಟೆಗೆ ಸ್ಪಿರಿಟ್ ಅದ್ದಿ, ಟೇಪಿನ ಒಂದೊಂದು ಗೇಣನ್ನೂ ಬೆರಳ ನಡುವೆ ಎಳೆದು ಅವನು ಒರೆಸಿದ. ಕೋಣೆಯೆಲ್ಲ ಆಸ್ಪತ್ರೆಯ ವಾಸನೆ ಹೊಡೆಯಿತು. ಆ ವಾಸನೆಗೆ ಹೆಂಡತಿ ಎದ್ದು ಕಿಟಕಿ ತೆರೆದಳು.

ಮೊದಲ ಕ್ಯಾಸೆಟ್ ಹಾಕುವ ದಿನ ಅವಳು ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟುಕೊಂಡು ಬಂದು ಕೂತಳು, ಯಾರೋ ಮನೆಗೆ ಬರುವವರಿದ್ದಾರೆ ಎನ್ನುವ ಹಾಗೆ. ಅವನು ಗುಂಡಿ ಒತ್ತಿದ. ಕಂಪ್ಯೂಟರಿನ ಪರದೆಯ ಮೇಲೆ ಬಿಳಿ ಗೆರೆಗಳು ಓಡಾಡಿದವು, ಕೋಣೆ ಓರೆಯಾಗಿ ನಡುಗಿತು, ನಿಂತಿತು. ಇದೇ ಕೋಣೆ. ನೀಲಿ ಪರದೆ ಇನ್ನೂ ನೀಲಿಯಾಗಿಯೇ ಇದೆ. ಅದರ ಮುಂದೆ ಏಳೆಂಟು ವರ್ಷದ ಹುಡುಗಿ, ಮುಂದಿನ ಹಲ್ಲು ಬಿದ್ದಿದೆ, ಬಿದ್ದ ಹಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ಕ್ಯಾಮೆರಾಕ್ಕೆ ತೋರಿಸುತ್ತಾ ಏನೋ ಹೇಳುತ್ತಿದ್ದಾಳೆ. ತುಟಿ ಒಂದೇ ಸಮನೆ ಆಡುತ್ತಿದೆ. ಕೈ ಆಡಿಸುತ್ತಾಳೆ, ಹುಬ್ಬು ಏರಿಸುತ್ತಾಳೆ, ನಕ್ಕು ಬಗ್ಗುತ್ತಾಳೆ, ಮತ್ತೆ ಹೇಳುತ್ತಾಳೆ.

ಸ್ಪೀಕರಿನಿಂದ ಕೊಳಲಿನ ನಾದ ಬಂತು. ಇಂಪಾದ, ಸಾವಕಾಶದ ಕೊಳಲು.

ಹೆಂಡತಿ ಮೈಯೆಲ್ಲ ಕಿವಿಯಾಗಿ ಮುಂದಕ್ಕೆ ಬಾಗಿ ಕಾದಳು. ಕೊಳಲು ನಿಲ್ಲಲಿಲ್ಲ. “ರೀ, ಹಾಡು ಬರ್ತಾ ಇದೆ. ಇವಳ ಮಾತೆಲ್ಲಿ?” ಎಂದಳು.

ಅವನಿಗೆ ನೆನಪಾಗಿತ್ತು. ಕೊಳಲಿನ ಮೊದಲ ಸ್ವರಕ್ಕೇ ನೆನಪಾಗಿತ್ತು.

ಅವನ ಕಸುಬಿನ ಆ ಕಾಲದ ರೀತಿಯೇ ಹಾಗೆ. ಮದುವೆಯ ಕ್ಯಾಸೆಟ್ ಎಂದರೆ ಚಿತ್ರ ಮದುವೆಯದು, ಶಬ್ದ ಹಾಡಿನದು. ಚಿತ್ರ ತೆಗೆಯುವಾಗ ಬೀಳುವ ಕೆಮ್ಮು, ಕುರ್ಚಿ ಎಳೆದ ಸದ್ದು, ಮಕ್ಕಳ ರಗಳೆ, “ಆ ಟೊಪ್ಪಿಯವನು ಯಾರ ಕಡೆಯವನು?” ಎಂಬ ಪಿಸುಮಾತು, ಇವೆಲ್ಲ ಕಸುಬಿನವರ ಬಾಯಲ್ಲಿ ಬರಿ ಕಸ. ಗಿರಾಕಿಗೆ ಕೊಡುವ ಮೊದಲು ಅದನ್ನು ಅಳಿಸಿ ಹಾಡು ಹಾಕಬೇಕು. ಹಾಡು ಹಾಕದ ಕ್ಯಾಸೆಟ್ ಕೊಟ್ಟರೆ ಅರ್ಧ ಕೆಲಸ ಮಾಡಿದ್ದೀಯ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ವಿಡಿಯೋ ಮಾವ ಈ ಕಸ ಗುಡಿಸುವುದರಲ್ಲಿ ಎತ್ತಿದ ಕೈ. ನಗುವಿಗೆ ಸರಿಯಾಗಿ ಹಾಡು ಏರುತ್ತಿತ್ತು, ಬೀಳ್ಕೊಡುವಾಗ ಸರಿಯಾಗಿ ಇಳಿಯುತ್ತಿತ್ತು. ಬೇರೆಯವರ ಮನೆಯ ಕ್ಯಾಸೆಟ್ಟಿಗೆ ಇಷ್ಟು ಮಾಡುವವನು ಸ್ವಂತ ಮಗಳ ಕ್ಯಾಸೆಟ್ಟನ್ನು ಕಸದ ಸಮೇತ ಬಿಟ್ಟಾನೆಯೇ? ಇದ್ದುದರಲ್ಲೇ ಒಳ್ಳೆಯ ಕೊಳಲು, ಒಳ್ಳೆಯ ಪಿಟೀಲು ಆರಿಸಿ, ರಜೆಯ ದಿನ ಊಟ ಬಿಟ್ಟು ಕೂತು, ಪ್ರೀತಿಯಿಂದ ಹಾಕಿದ್ದ. ಹೆಂಡತಿಗೆ ಆಗ ಇದು ತಿಳಿಯದೆ ಹೋದದ್ದು ಹೇಗೆ ಎಂದರೆ, ಕ್ಯಾಸೆಟ್ ನೋಡುವಾಗ ಮಗಳು ಟೀವಿಯ ಪಕ್ಕದಲ್ಲೇ ನಿಂತು ತಾನು ಹೇಳಿದ್ದನ್ನೆಲ್ಲ ಮೊದಲಿನಿಂದ ಮತ್ತೆ ಹೇಳುತ್ತಿದ್ದಳು. ಪರದೆಯ ಮೇಲಿನ ಹುಡುಗಿಗೆ ದನಿಯಿಲ್ಲ ಎನ್ನುವುದನ್ನು ಯಾರೂ ಗಮನಿಸುವಂತಿರಲಿಲ್ಲ.

“ನಾನೇ ಹಾಡು ಹಾಕಿದ್ದೆ ಕಣೇ,” ಎಂದ.

“ಸರಿ, ತೆಗೀರಿ.”

“ತೆಗಿಯೋಕಾಗಲ್ಲ.”

“ಯಾಕಾಗಲ್ಲ? ಕಂಪ್ಯೂಟರಲ್ಲಿ ಏನು ಬೇಕಾದ್ರೂ ಮಾಡ್ಬಹುದು ಅಂತಾರಲ್ಲ. ಮೇಲಿನ ಹಾಡು ತೆಗೆದ್ರೆ ಕೆಳಗೆ ಅವಳದ್ದು ಇರತ್ತಲ್ಲ.”

ಅವಳು ಹಾಡನ್ನು ಹಾಸಿಗೆಯ ಮೇಲೆ ಹೊದಿಸಿದ ಚಾದರ ಎಂದುಕೊಂಡಿದ್ದಳು. ಅವನು ವಿವರಿಸಿ ಹೇಳಬೇಕಾಯಿತು. ಟೇಪಿನಲ್ಲಿ ಚಿತ್ರಕ್ಕೆ ಅಗಲವಾದ ಜಾಗ, ಶಬ್ದಕ್ಕೆ ಅಂಚಿನಲ್ಲಿ ದಾರದಷ್ಟು ಜಾಗ. ಹಾಡು ಹಾಕುವಾಗ ಯಂತ್ರ ಮೊದಲು ಆ ಅಂಚನ್ನು ಒರೆಸುತ್ತದೆ, ಆಮೇಲೆ ಬರೆಯುತ್ತದೆ. ಕೆಳಗೆ ಏನೂ ಉಳಿಯುವುದಿಲ್ಲ. ಇದನ್ನು ಹೇಳುವಾಗ ಅವನಿಗೆ ತನ್ನ ದನಿಯೇ ಯಾರೋ ಅಂಗಡಿಯವನ ದನಿಯಂತೆ ಕೇಳಿಸಿತು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಪರದೆಯನ್ನೇ ನೋಡುತ್ತಿದ್ದಳು. ಹುಡುಗಿ ಹೇಳುವುದನ್ನು ಹೇಳಿ ಮುಗಿಸಿ, ಹಲ್ಲನ್ನು ಜೇಬಿಗೆ ಹಾಕಿಕೊಂಡು ಓಡಿತು. ಕೊಳಲು ಸರಿಯಾಗಿ ಅಲ್ಲಿಗೆ ಇಳಿಯಿತು. ಅವಳು ಎದ್ದು ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು.

ಆಮೇಲೆ ವಿಡಿಯೋ ಮಾವ ಸೂಟ್‌ಕೇಸಿನ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಓಡಿಸಿದ. ಎಲ್ಲೋ ಒಂದರಲ್ಲಿ ಕೈತಪ್ಪಿ ಹಾಡು ಹಾಕದೆ ಬಿಟ್ಟಿರಬಹುದು, ಎಲ್ಲೋ ಒಂದು ಕಡೆ ಹಾಡು ಬೇಗ ಮುಗಿದು ತುಣುಕು ಉಳಿದಿರಬಹುದು. ರೇಡಿಯೋ ಸೈಕಲ್ ಕಲಿತಳು, ಪಿಟೀಲು. ರೇಡಿಯೋ ಶಾಲೆಯಲ್ಲಿ ಬಹುಮಾನ ತೆಗೆದುಕೊಂಡಳು, ಕೊಳಲು. ರೇಡಿಯೋ ಅಮ್ಮನ ಹೆಡ್‌ಫೋನ್ ತಲೆಗೆ ಸಿಕ್ಕಿಸಿಕೊಂಡು ಅಮ್ಮನ ಹಾಗೇ ನಟಿಸಿ ಮಾತನಾಡಿದಳು, ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಮತ್ತೆ ಕೊಳಲು. ಎಲ್ಲೂ ಒಂದು ತುಣುಕಿಲ್ಲ. ಅಷ್ಟು ಒಳ್ಳೆಯ ಕೆಲಸಗಾರನಾಗಿದ್ದ ಅವನು. ಜೀವಮಾನದಲ್ಲಿ ಒಂದು ಕೆಲಸವನ್ನಾದರೂ ಕೆಟ್ಟದಾಗಿ ಮಾಡಬಾರದಿತ್ತೇ ಎಂದು ತನ್ನನ್ನು ತಾನೇ ಶಪಿಸಿಕೊಂಡ. ತುಟಿಯ ಆಟ ನೋಡಿ ಮಾತು ತಿಳಿಯಲು ಯತ್ನಿಸಿದ. ‘ಅಪ್ಪ’ ಎನ್ನುವುದೊಂದು ತಿಳಿಯುತ್ತಿತ್ತು, ಎರಡು ತುಟಿಯೂ ಕೂಡುತ್ತಿದ್ದವು. ಮಿಕ್ಕದ್ದು ಇಲ್ಲ.

ಹೆಂಡತಿ ಆ ದಿನಗಳಲ್ಲಿ ಮುಂದಿನ ಕೋಣೆಗೆ ಕಾಲಿಡಲಿಲ್ಲ. ಊಟಕ್ಕೆ ಕರೆಯುವುದನ್ನೂ ಅಡುಗೆಮನೆಯ ಬಾಗಿಲಲ್ಲಿ ತಟ್ಟೆಯ ಸದ್ದು ಮಾಡಿ ಮುಗಿಸುತ್ತಿದ್ದಳು.

ಅವನು ಮೆಕ್ಯಾನಿಕ್‌ ಹತ್ತಿರ ಹೋಗಿ ಕೂತ. “ಅಳಿಸಿದ್ದನ್ನು ವಾಪಸ್ ತರೋ ದಾರಿ ಏನಾದ್ರೂ ಇದ್ಯಾ?” ಮೆಕ್ಯಾನಿಕ್ ಈ ಸಲ “ಸತ್ತಿದೆ” ಎನ್ನಲಿಲ್ಲ, ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಕೇಳಿದ: “ಹಾಡು ಹಾಕೋ ಮುಂಚಿನ ಕ್ಯಾಸೆಟ್ ಯಾವುದಾದ್ರೂ ಉಳಿದಿಲ್ವೇನೋ? ಮದುವೇದಾದ್ರೂ ಸರಿ. ಮಗೂನ ಜೊತೆಗೆ ಕರ್ಕೊಂಡು ಹೋಗ್ತಿದ್ಯಲ್ಲ ನೀನು?”

ಕರೆದುಕೊಂಡು ಹೋಗುತ್ತಿದ್ದ. ಹೆಂಡತಿಗೆ ರಜೆಯ ದಿನವೂ ಡ್ಯೂಟಿ ಬಿದ್ದರೆ ರೇಡಿಯೋ ಮನೆಯಲ್ಲಿ ಒಬ್ಬಳೇ ಆಗುತ್ತಿದ್ದಳು. ಅಂಥ ದಿನ ಅಪ್ಪನ ಜೊತೆ ಮದುವೆಮನೆಗೆ. ಆದರೆ ಒಂದೇ ಕ್ಯಾಸೆಟ್ಟಿನ ಮೇಲೆ ಒಂದರ ಮೇಲೊಂದು ಮದುವೆ ತೆಗೆಯುವುದು ಅವನ ಪದ್ಧತಿ. ಹಾಡು ಹಾಕಿ ಗಿರಾಕಿಗೆ ಬೇರೆ ಕ್ಯಾಸೆಟ್ ಮಾಡಿಕೊಟ್ಟ ಮೇಲೆ ಮೂಲದ ಮೇಲೆ ಮುಂದಿನ ಮದುವೆ. ಹಾಗೆ ಅಳಿಯದೆ ಉಳಿಯಲು ಯಾವ ಮದುವೆಗೂ ಕಾರಣವಿರಲಿಲ್ಲ, ಒಂದನ್ನು ಬಿಟ್ಟು. ಆ ಮದುವೆಯಲ್ಲಿ ಗಂಡು ಹೆಣ್ಣು ಚೆನ್ನಾಗಿಯೇ ಇದ್ದರು, ಬೀಗರು ಬೀಗರು ಮಾತ್ರ ಒಂದು ವಾರದೊಳಗೆ ಹಾವು ಮುಂಗುಸಿಯಾದರು. ಕ್ಯಾಸೆಟ್ ಬೇಕೆಂದು ಎರಡು ಕಡೆಯವರೂ ಬರಲಿಲ್ಲ, ಎದುರು ಕಡೆಯವರ ಮುಖ ಟೀವಿಯಲ್ಲಿ ನೋಡುವ ಗ್ರಹಚಾರ ಯಾರಿಗೂ ಬೇಡವಾಗಿತ್ತು. ಒಂದಲ್ಲ ಒಂದು ದಿನ ರಾಜಿಯಾಗಿ ಬಂದಾರು ಎಂದು ಅವನು ಅದನ್ನು ಎತ್ತಿಟ್ಟಿದ್ದ. ಆ ಮದುವೆಯ ದಿನ ರೇಡಿಯೋ ಜೊತೆಗಿದ್ದಳು, ಅವಳ ಕೊನೆಯ ಬೇಸಿಗೆ ರಜೆ.

ಅವನು ಮೆಟ್ಟಿಲನ್ನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಕಪಾಟಿನ ಕೆಳಗಿನ ಸಾಲಿನಲ್ಲಿ, ಗೋಡೆಗೆ ಅಂಟಿಕೊಂಡಂತೆ ಆ ಕ್ಯಾಸೆಟ್ ಸಿಕ್ಕಿತು. ಮಿಕ್ಕೆಲ್ಲದಕ್ಕಿಂತ ಹೆಚ್ಚು ಬೂಸ್ಟು. ಒರೆಸುವಾಗ ಅಂಚು ಅಲ್ಲಲ್ಲಿ ಪುಡಿಯಾಗಿ ಬೆರಳಿಗೆ ಬಂತು. ಒಂದು ಸಲ ಓಡಿಸಿದರೆ ಇನ್ನೊಂದು ಸಲಕ್ಕೆ ಉಳಿಯುವ ನಂಬಿಕೆಯಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ಹೇಳಿದ: “ಇದಕ್ಕೆ ಹಾಡು ಹಾಕಿಲ್ಲ. ಅವಳು ನನ್ನ ಪಕ್ಕದಲ್ಲೇ ನಿಂತಿದ್ಲು. ಬರ್ತೀಯಾ?”

ಅವಳು ಬಂದಳು. ಕೂರಲಿಲ್ಲ, ಕಂಪ್ಯೂಟರಿನ ಪಕ್ಕ ಗೋಡೆಗೆ ಒರಗಿ ನಿಂತಳು.

ಕಸವೆಲ್ಲ ಕೇಳಿಸಿತು. ಕೆಮ್ಮು, ಕುರ್ಚಿ, ಯಾರದೋ ಮಗುವಿನ ಹಟ, ಯಾವಳೋ ಅತ್ತಿಗೆ ಇನ್ನಾವಳೋ ನಾದಿನಿಯ ಬಟ್ಟೆಯನ್ನು ಆಡಿಕೊಳ್ಳುವುದು, ಗಂಡಸರು ಗಂಡಸರು ಹವೆಯ ಬಗ್ಗೆ ಮಾತಾಡುವುದು. ಗುರುತಿಲ್ಲದ ಆ ಜನರ ದನಿಗಳು ನಿನ್ನೆ ಆಡಿದಷ್ಟು ಸ್ಪಷ್ಟವಾಗಿ ಉಳಿದುಕೊಂಡಿದ್ದವು. ಮಗಳ ದನಿ ಇಲ್ಲ. ವಿಡಿಯೋ ಮಾವ ಸ್ಪೀಕರಿಗೆ ಕಿವಿ ಹಚ್ಚಿದ. ತನ್ನ ಬೂಟಿನ ಸದ್ದು ಇದೆ, ತಾನು ಗಂಟಲು ಸರಿಮಾಡಿಕೊಂಡದ್ದು ಇದೆ.

“ಇಲ್ಲೇ ಇದಾಳೆ,” ಎಂದಳು ಹೆಂಡತಿ ಇದ್ದಕ್ಕಿದ್ದಂತೆ.

“ಎಲ್ಲಿ?”

“ಉಸಿರು ಕೇಳಿ. ಮೈಕಿನ ಹತ್ರಾನೇ. ಮೂಗು ಕಟ್ಟಿದೆ. ಆ ರಜೆ ಪೂರ್ತಿ ಶೀತ ಇತ್ತಲ್ಲ ಅವಳಿಗೆ.” ಅವಳು ಕಣ್ಣು ಮುಚ್ಚಿಕೊಂಡಿದ್ದಳು. “ಇಷ್ಟು ಹತ್ರ ನಿಂತಿದಾಳೆ. ಒಂದು ಮಾತೂ ಯಾಕೆ ಆಡ್ತಾ ಇಲ್ಲ? ಅವಳಾ ಸುಮ್ಮನಿರೋಳು?”

ಈ ಪ್ರಶ್ನೆಗೆ ಉತ್ತರ ಅವನಲ್ಲಿತ್ತು. ಕ್ಯಾಮೆರಾದ ಮುಂದೆ ಒಂದು ಸಣ್ಣ ಕೆಂಪು ದೀಪ ಇರುತ್ತಿತ್ತು. ಅದು ಉರಿಯುತ್ತಿದ್ದರೆ ಮೈಕು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಮಗಳನ್ನು ಮೊದಲ ಸಲ ಮದುವೆಗೆ ಕರೆದೊಯ್ದಾಗಲೇ ಕಟ್ಟಪ್ಪಣೆ ಮಾಡಿದ್ದ: ಕೆಂಪು ದೀಪ ಇದ್ದಾಗ ತುಟಿ ಎರಡು ಮಾಡಕೂಡದು, ಮಾಡಿದರೆ ಇನ್ನು ಕರೆದುಕೊಂಡು ಬರುವುದಿಲ್ಲ. ಹೇಗೂ ಅಳಿಸಿ ಹಾಡು ಹಾಕುವ ಶಬ್ದವೇ ಅದು. ಆದರೂ ಹೇಳಿದ್ದ, ಕೆಲಸದ ಶಿಸ್ತು ಎಂದು. ಲೋಕದಲ್ಲಿ ಯಾರ ಮಾತಿಗೂ ಬಾಯಿ ಮುಚ್ಚದ ಹುಡುಗಿ ಅಪ್ಪನ ಈ ಒಂದು ಮಾತಿಗೆ ಮುಚ್ಚಿದ್ದಳು. ಅಪ್ಪನ ಜೊತೆ ಬರಬೇಕು ಎನ್ನುವ ಆಸೆಗೆ ಮುಚ್ಚಿದ್ದಳು.

ಇದನ್ನು ಅವನು ಹೆಂಡತಿಗೆ ಹೇಳಿದ. ಹೇಳುವಾಗ ತಲೆ ಎತ್ತಲಾಗಲಿಲ್ಲ. ಅವಳು ಉಸಿರನ್ನೇ ಕೇಳುತ್ತಾ ನಿಂತಿದ್ದಳು.

ಟೇಪು ಮುಗಿಯುತ್ತಾ ಬಂದಿತ್ತು. ಪರದೆಯ ಮೇಲೆ ಮದುಮಗಳ ಬೆರಳು, ಬೆರಳಿಗೆ ಉಂಗುರ ತೊಡಿಸುವ ಕೈ. ಆಗ ಮೈಕಿನ ಹತ್ತಿರದಿಂದಲೇ, ತಡೆಹಿಡಿಯಲಾರದ ಖುಷಿಯಲ್ಲಿ, ದನಿ ಬಂತು.

“ಅಪ್ಪಾ, ಅಪ್ಪಾ, ಅಲ್ಲಿ ನೋಡಪ್ಪ, ಆ—”

“ಶ್! ಬಾಯ್ಮುಚ್ಚು!”

ಉಸಿರು ಒಂದು ಕ್ಷಣ ನಿಂತಿತು. ಆಮೇಲೆ ಮೊದಲಿನ ಹಾಗೆ ಮೂಗು ಕಟ್ಟಿದ ಉಸಿರು, ಟೇಪು ಮುಗಿಯುವ ತನಕ. ಇನ್ನೊಂದು ಮಾತು ಬರಲಿಲ್ಲ.

ಹೆಂಡತಿ ಕುಸಿದು ನೆಲದ ಮೇಲೆ ಕೂತಳು. “ಇನ್ನೊಂದು ಸಲ,” ಎಂದಳು. ಟೇಪನ್ನು ಮತ್ತೆ ಮುಟ್ಟಬೇಕಾಗಿರಲಿಲ್ಲ, ಕಂಪ್ಯೂಟರು ಬರೆದುಕೊಂಡಿತ್ತು. ಅವನು ಅಷ್ಟನ್ನೇ ಹಾಕಿದ. ಮತ್ತೆ ಹಾಕಿದ. ಅವಳು ಅಳುತ್ತಲೇ ನಕ್ಕಳು.

“ದಪ್ಪ ದನಿ ರೀ! ನಾನು ತೆಳ್ಳಗೆ ಇತ್ತು ಅಂದ್ಕೊಂಡಿದ್ದೆ. ನಿಮ್ಮಮ್ಮನ ಹಾಗೆ ದಪ್ಪ ದನಿ. ಹೌದು, ಹೌದು, ಹೀಗೇ ಇತ್ತು.” ಅವಳು ಸ್ಪೀಕರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮತ್ತೊಂದು ಸಲ ಕೇಳಿದ ಮೇಲೆ ನಗು ನಿಂತಿತು. “ಏನು ತೋರಿಸ್ತಿದ್ಲು ನಿಮಗೆ?”

ಚಿತ್ರದಲ್ಲಿ ಅದು ಇರಲಿಲ್ಲ. ಮಗಳು ತೋರಿಸಿದ ಕಡೆಗೆ ಅವನು ಕ್ಯಾಮೆರಾ ತಿರುಗಿಸಿರಲಿಲ್ಲ. ಉಂಗುರದ ಮೇಲಿಂದ ಕದಲಿರಲಿಲ್ಲ, ಕೈ ಒಂದಿಷ್ಟೂ ಅಲುಗಿರಲಿಲ್ಲ.

“ಗೊತ್ತಿಲ್ಲ.”

“ಆಮೇಲೆ ಹೇಳಿರ್ಬೇಕಲ್ಲ? ದಾರೀಲಿ? ಮನೆಗೆ ಬಂದ ಮೇಲೆ?”

ಹೇಳಿದಳು ಎಂದುಬಿಡಬಹುದಿತ್ತು. ಹಕ್ಕಿ ಎಂದೋ, ಕುಣಿಯುತ್ತಿದ್ದ ಮುದುಕ ಎಂದೋ ಏನಾದರೊಂದು ಕಟ್ಟಿ ಹೇಳಿದ್ದರೆ ಅವಳಿಗೆ ಅಷ್ಟಾದರೂ ಸಮಾಧಾನವಾಗುತ್ತಿತ್ತು. “ಇಲ್ಲ. ನಾನು ಏನಮ್ಮ ಅದು ಅಂತ ವಿಚಾರಿಸಲೇ ಇಲ್ಲ. ಅವಳೂ ಹೇಳ್ಲಿಲ್ಲ,” ಎಂದ.

ಹೆಂಡತಿ ತಲೆಯಾಡಿಸಿದಳು. ಕೆಳಗೆ ಬೀಗದ ಅಂಗಡಿಯಲ್ಲಿ ಯಾರದೋ ಬೀಗದ ಕೈ ಅರದಲ್ಲಿ ಉಜ್ಜುವ ಸದ್ದು ಬರುತ್ತಿತ್ತು.

ಅವನಿಗೆ ಮಾಡಲು ಉಳಿದದ್ದು ಒಂದೇ. ಮಗಳ ಮಾತಿನ ತುದಿಗೆ ಅಂಟಿಕೊಂಡಿದ್ದ ತನ್ನ ಗದರಿಕೆಯನ್ನು ಕತ್ತರಿಸಿ ತೆಗೆಯುವುದು. ಕಂಪ್ಯೂಟರಿನಲ್ಲಿ ಅದು ಕಷ್ಟದ ಕೆಲಸವಲ್ಲ. ಪರದೆಯ ಮೇಲೆ ಶಬ್ದದ ಗೆರೆ ಉಬ್ಬಿದ ಜಾಗ ಕಾಣುತ್ತದೆ, ಮಗಳದ್ದು ಒಂದು ಉಬ್ಬು, ಅದರ ಪಕ್ಕದಲ್ಲಿ ತನ್ನದು ಅದಕ್ಕಿಂತ ಎತ್ತರದ ಉಬ್ಬು. ಅವನು ತನ್ನದನ್ನು ಗುರುತುಮಾಡಿದ.

“ಏನು ಮಾಡ್ತಿದೀರಿ?”

“ಇದೊಂದು ತೆಗೆದುಬಿಡ್ತೀನಿ. ಅವಳ ಮಾತಷ್ಟೇ ಉಳಿಯತ್ತೆ. ನಿಂಗೆ ಕೇಳೋಕೆ ಚೆನ್ನಾಗಿರತ್ತೆ.”

ಹೆಂಡತಿ ಅವನ ಮಣಿಕಟ್ಟು ಹಿಡಿದಳು. ಅಷ್ಟು ಗಟ್ಟಿಯಾಗಿ ಅವಳು ಅವನನ್ನು ಹಿಡಿದು ವರ್ಷಗಳಾಗಿದ್ದವು.

“ಬೇಡ. ಇನ್ನೇನೂ ತೆಗೀಬೇಡಿ. ನಿಮ್ಮದು ತೆಗೆದ್ರೆ ನನ್ನ ಮಗಳು ಅರ್ಧಕ್ಕೆ ಯಾಕೆ ನಿಲ್ಲಿಸಿದ್ಲು ಅಂತ ಕೇಳಿದೋರಿಗೆ ತಿಳಿಯಲ್ಲ.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಫೋನಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ದನಿಯಲ್ಲಿ ಹೇಳಿದಳು. ವಿಡಿಯೋ ಮಾವ ಗುರುತು ಅಳಿಸಿ, ಇದ್ದದ್ದನ್ನು ಇದ್ದ ಹಾಗೇ ಸೇವ್ ಮಾಡಿದ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು, ಮಗಳು ಹೋದ ದಿನವೂ ಅಳದ ಹಾಗೆ, ಕೆಳಗಿನ ಅಂಗಡಿಗೆ ಕೇಳಿಸುವಷ್ಟು ಜೋರಾಗಿ 'ಹೋ' ಎಂದು ಅತ್ತ. ಕೆಳಗೆ ಅರದ ಸದ್ದು ನಿಂತಿತು. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು, ಆದರೆ ಸುಮ್ಮನಿರಿ ಎನ್ನಲಿಲ್ಲ.